ವಾಲ್‌ಬರ್ಗ್ ದಿನಚರ್ಯಾ ಸೂತ್ರಕ್ಕೊಂದು ಭಾಷ್ಯ

ಶಾಸ್ತ್ರ ಯಾವುದೇ ಇರಲಿ, ಕೈಗೆತ್ತಿಕೊಳ್ಳುವ ಮೊದಲು ನಾಲ್ಕು ಪ್ರಶ್ನೆ ಕೇಳಬೇಕೆಂಬುದು ಹಿಂದಿನವರ ಕಟ್ಟಳೆ: ವಿಷಯವೇನು, ಪ್ರಯೋಜನವೇನು, ಸಂಬಂಧವೇನು, ಅಧಿಕಾರಿ ಯಾರು? ಹಾಲಿವುಡ್ ನಟ ಮಾರ್ಕ್ ವಾಲ್‌ಬರ್ಗ್ 2018ರ ಸೆಪ್ಟೆಂಬರಿನಲ್ಲಿ ಇನ್‌ಸ್ಟಾಗ್ರಾಮ್ ಮೂಲಕ ಲೋಕಕ್ಕೆ ಅನುಗ್ರಹಿಸಿದ ದಿನಚರ್ಯಾ ಸೂತ್ರದಲ್ಲಿ ಮೊದಲ ಮೂರಕ್ಕೆ ಉತ್ತರ ಸುಲಭ. ವಿಷಯ ದೇಹ, ಪ್ರಯೋಜನ ಸಿಕ್ಸ್ ಪ್ಯಾಕ್, ಸಂಬಂಧ, ನೋಡಿ ಹೊಟ್ಟೆಕಿಚ್ಚುಪಡುವುದು. ನಾಲ್ಕನೆಯದರ ಬಗ್ಗೆ ಸೂತ್ರಕಾರರು ಮೌನ. ಭಾಷ್ಯಕ್ಕೆ ಅವಕಾಶವಾದದ್ದೇ ಅಲ್ಲಿ.

ಮೂಲಪಾಠದ ಮುಖ್ಯ ಭಾಗ ಹೀಗಿದೆ. ರಾತ್ರಿ 2.30ಕ್ಕೆ ಏಳುವುದು, 2.45ಕ್ಕೆ ಪ್ರಾರ್ಥನೆ, 3.15ಕ್ಕೆ ತಿಂಡಿ, 3.40ರಿಂದ 5.15ರವರೆಗೆ ವ್ಯಾಯಾಮ, 5.30ಕ್ಕೆ ಮತ್ತೆ ಊಟ, 6ಕ್ಕೆ ಸ್ನಾನ, 7.30ಕ್ಕೆ ಗಾಲ್ಫ್. ಸಂಜೆ 4ಕ್ಕೆ ಎರಡನೇ ಸುತ್ತಿನ ವ್ಯಾಯಾಮ, 7.30ಕ್ಕೆ ನಿದ್ದೆ.

ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕೆಂದು ಆಯುರ್ವೇದ ಹೇಳಿದ್ದುಂಟು. ಅದು ಶುರುವಾಗುವುದು ಸೂರ್ಯೋದಯಕ್ಕೆ 96 ನಿಮಿಷ ಮೊದಲು. ಸೆಪ್ಟೆಂಬರಿನ ಲಾಸ್ ಏಂಜಲೀಸಿನಲ್ಲಿ ಸೂರ್ಯ ಹುಟ್ಟುವುದು ಆರೂವರೆಯ ಸುಮಾರಿಗೆ. ಅಂದರೆ ಬ್ರಹ್ಮನ ಹೊತ್ತು ಬರುವಷ್ಟರಲ್ಲಿ ವಾಲ್‌ಬರ್ಗ್ ಡಂಬೆಲ್ಸ್ ಕೆಳಗಿಡುವ ಹಂತಕ್ಕೆ ಬಂದಿರುತ್ತಾರೆ.

ವ್ಯಾಖ್ಯಾನಕಾರರಿಗೆ ಬೆವರಿಳಿಸುವ ಭಾಗ ಮುಂದಿದೆ. ಸ್ನಾನ 6ಕ್ಕೆ, ಗಾಲ್ಫ್ 7.30ಕ್ಕೆ, ನಡುವೆ ಬೇರೇನೂ ಇಲ್ಲವಾದ್ದರಿಂದ ಸ್ನಾನಕ್ಕೆ ಒಂದೂವರೆ ಗಂಟೆ ಎಂದು ದೀರ್ಘಸ್ನಾನವಾದಿಗಳು ಸಾಧಿಸುತ್ತಾರೆ. ಸಂಜೆಯ ಸ್ನಾನ ಅರ್ಧ ಗಂಟೆಯಲ್ಲಿ ಮುಗಿಯುವುದನ್ನು ತೋರಿಸಿ ಎದುರುಪಕ್ಷದವರು ಇದನ್ನು ಖಂಡಿಸುತ್ತಾರೆ. ಗಾಲ್ಫ್ ಇನ್ನೂ ಜಟಿಲ. ಹದಿನೆಂಟು ಕುಳಿಯ ಆಟಕ್ಕೆ ಸಾಮಾನ್ಯವಾಗಿ ನಾಲ್ಕು ಗಂಟೆ ಹಿಡಿಯುತ್ತದೆ. 8ಕ್ಕೆ ತಿನಿಸಿನ ಹೊತ್ತಾಗುವುದರಿಂದ ಇಲ್ಲಿ ಸಿಗುವುದು ಮೂವತ್ತು ನಿಮಿಷ. ಗಾಲ್ಫ್ ಪ್ರಕ್ಷಿಪ್ತವೆಂದು ಗ್ರಂಥಸಂಪಾದಕರು ಕೈತೊಳೆದುಕೊಳ್ಳಬಹುದು.

9.30ಕ್ಕೆ ಕ್ರಯೋ ಚೇಂಬರ್. ಸೊನ್ನೆಗಿಂತ ನೂರು ಡಿಗ್ರಿ ಸೆಲ್ಸಿಯಸ್‌ಗೂ ಕೆಳಗಿನ ಆ ಚಳಿಯಲ್ಲಿ ಮನುಷ್ಯರು ನಿಲ್ಲುವುದು ಎರಡು ಮೂರು ನಿಮಿಷ. ಸೂತ್ರದಲ್ಲಿ ಅದಕ್ಕೆ ಇಡೀ ಒಂದು ಗಂಟೆ! ಇಂಥ ಯಾವ ಯಂತ್ರಕ್ಕೂ ಚಿಕಿತ್ಸೆಯ ಮಾನ್ಯತೆ ಕೊಟ್ಟಿಲ್ಲವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2016ರಲ್ಲೇ ಹೇಳಿತ್ತು. ಶಾಸ್ತ್ರಕ್ಕೆ ಅಷ್ಟು ವಿರೋಧವಾದರೂ ಇರಬೇಕು.

ಈಗ ಅಧಿಕಾರಿ ಯಾರು ಎಂಬ ವಿಚಾರ. ಸೂತ್ರ ಹೊರಬಿದ್ದದ್ದೇ ತಡ, ಹಲವು ಪತ್ರಕರ್ತರು, ಯೂಟ್ಯೂಬರ್‌ಗಳು ಅದನ್ನು ತಮ್ಮ ಮೇಲೆ ಪ್ರಯೋಗಿಸಿ ನೋಡಿದರು. ಅಲಾರಾಂ ಬಡವ ಬಲ್ಲಿದ ಎನ್ನದೆ ಎಲ್ಲರ ಮನೆಯಲ್ಲೂ ಹೊಡೆಯುತ್ತದೆ. ತೊಡಕಿರುವುದು ಅಡುಗೆಮನೆಯಲ್ಲಿ. ದಿನಕ್ಕೆ ಏಳು ಸಲ ತಿನ್ನಬೇಕು. 3.15ಕ್ಕೆ ಓಟ್ಸ್ ಬೆಂದಿರಬೇಕು, 5.30ಕ್ಕೆ ಟರ್ಕಿ ಬರ್ಗರ್, ಸಿಹಿಗೆಣಸು. 8ಕ್ಕೆ ಹತ್ತು ಟರ್ಕಿ ಮಾಂಸದುಂಡೆ. ಮುಂದೆ ಕೋಳಿ, ಸ್ಟೇಕ್, ಮೀನು ಸಾಲಾಗಿ ಬರಬೇಕು. ಉಂಡೆ ಕಟ್ಟಿದವರು ಯಾರು, ಹಿಂದಿನ ತಟ್ಟೆ ತೊಳೆದವರು ಯಾರು, ಮೀನು ತಂದವರು ಯಾರು? ವೇಳಾಪಟ್ಟಿಯಲ್ಲಿ ಪಾತ್ರೆ ತಿಕ್ಕುವ ಹೊತ್ತಿಲ್ಲ, ತರಕಾರಿ ಹೆಚ್ಚುವ ಹೊತ್ತಿಲ್ಲ, ಟ್ರಾಫಿಕ್ಕಿನಲ್ಲಿ ಸಿಕ್ಕಿಬೀಳುವ ಹೊತ್ತಂತೂ ಇಲ್ಲವೇ ಇಲ್ಲ. ಆದ್ದರಿಂದ ಸಿದ್ಧಾಂತ ಇಷ್ಟು: ಬಾಣಸಿಗ, ತರಬೇತುದಾರ, ಮನೆಯೊಳಗೇ ಜಿಮ್, ಬೇಕೆಂದಾಗ ಮುಗಿಯುವ ಮೀಟಿಂಗ್, ಇವು ಉಳ್ಳವನೇ ಅಧಿಕಾರಿ. ಉಳಿದವರಿಗೆ ದಕ್ಕುವುದು 2.30ರ ಅಲಾರಾಂ ಮಾತ್ರ.

ಸಂಜೆ 7.30ರಿಂದ 2.30ರವರೆಗೆ ಲೆಕ್ಕ ಹಾಕಿದರೆ ಸರಿಯಾಗಿ ಏಳು ಗಂಟೆ ನಿದ್ದೆ. ವೈದ್ಯರು ತಕರಾರಿಲ್ಲದೆ ಒಪ್ಪುವ ಸೂತ್ರ ಇದೊಂದೇ. ಮಾಡಿ ನೋಡುವವರು ಮೊದಲು ಕತ್ತರಿ ಹಾಕುವುದೂ ಇದಕ್ಕೇ.

ನಿಯಮವೆಂದ ಮೇಲೆ ಅಪವಾದವೂ ಉಂಟು. 2022ರಲ್ಲಿ ತೆರೆಕಂಡ 'ಫಾದರ್ ಸ್ಟು' ಚಿತ್ರಕ್ಕಾಗಿ ಇದೇ ವಾಲ್‌ಬರ್ಗ್ ಮೈ ಬೆಳೆಸಿಕೊಂಡರು: ಎರಡು ವಾರ ದಿನಕ್ಕೆ 7,000 ಕ್ಯಾಲರಿ, ಆಮೇಲೆ ಎರಡು ವಾರ 11,000. ಆಗಲೂ ಅಡುಗೆ ಮಾಡಿದ್ದು ಬಾಣಸಿಗರೇ.

ಇನ್ನು ಫಲಶ್ರುತಿ. ಸೂತ್ರ ಪ್ರಕಟವಾದ ಮರುವರ್ಷ, 2019ರಲ್ಲಿ, ವಾಲ್‌ಬರ್ಗ್ ಆಸ್ಟ್ರೇಲಿಯಾ ಮೂಲದ ಎಫ್45 ಎಂಬ ಜಿಮ್ ಸರಪಳಿಗೆ ಹಣ ಹೂಡಿದರು. 2021ರಲ್ಲಿ ಅದರ ಷೇರು 16 ಡಾಲರಿಗೆ ನ್ಯೂಯಾರ್ಕ್ ಪೇಟೆಗೆ ಬಂತು. 2023ರಲ್ಲಿ ಪೇಟೆಯಿಂದಲೇ ಹೊರಬಿತ್ತು. ಎಫ್45ರಲ್ಲಿ ಒಂದು ತರಗತಿ 45 ನಿಮಿಷದ್ದು. ಸೂತ್ರಕಾರರ ಬೆಳಗಿನ ಪಾಳಿಯೊಂದೇ 95 ನಿಮಿಷ. ಉಳಿದ 50 ನಿಮಿಷ ಗಿರಾಕಿಗಳಿಗೆ ರಿಯಾಯಿತಿ.