ಕಳೆರಾಯರು

ತರಕಾರಿ ಬೆಳೆಯಲು ಹೊರಟು ಕಡೆಗೆ ಕಳೆ ಕೀಳುವುದನ್ನೇ ಕಸುಬು ಮಾಡಿಕೊಂಡ ನಿವೃತ್ತರನ್ನು ಕಳೆರಾಯರು ಎನ್ನಬಹುದು. ಮೈಸೂರಿನ ಕುವೆಂಪುನಗರ, ರಾಮಕೃಷ್ಣನಗರ, ಬೆಂಗಳೂರಿನ ಜೆ.ಪಿ. ನಗರದಂಥ ಬಡಾವಣೆಗಳಲ್ಲಿ ಬೀದಿಗೊಬ್ಬರಾದರೂ ಸಿಗುತ್ತಾರೆ. ವಯಸ್ಸು 60 ದಾಟಿರಬೇಕು. ಬ್ಯಾಂಕು, ವಿಮೆ, ಕಾಲೇಜು, ಯಾವ ಕಡೆಯಿಂದ ಬಂದವರಾದರೂ ಸರಿ. ಮನೆಯ ಪಕ್ಕಕ್ಕೊಂದು 30×40ರ ಖಾಲಿ ಸೈಟು, ಆ ಸೈಟಿಗೊಬ್ಬ ಅಮೆರಿಕದಲ್ಲಿರುವ ಮಾಲೀಕ, ಇಷ್ಟಿದ್ದರೆ ಸಾಕು. ‘ಸ್ವಲ್ಪ ನೋಡ್ಕೊಂಡಿರಿ ಅಂಕಲ್’ ಎಂದು ಆತ ಫೋನಿನಲ್ಲಿ ಅಂದ ಮಾತೇ ಹಕ್ಕುಪತ್ರ.

ರಾಯರನ್ನು ಬೆಳಗಿನ ಆರರಿಂದ ಎಂಟರವರೆಗೆ ನೋಡಬೇಕು. ಮೊಣಕಾಲವರೆಗೆ ಮಡಚಿದ ಹಳೆಯ ಆಫೀಸು ಪ್ಯಾಂಟು, ತಲೆಗೆ ಸುತ್ತಿದ ಟವೆಲು, ಕೈಯಲ್ಲಿ ಕಳೆಗುದ್ದಲಿ. ಕೂತ ಭಂಗಿಯಲ್ಲೇ ಬಾತುಕೋಳಿಯಂತೆ ಮುಂದೆ ಸರಿಯುವುದನ್ನು ಅಭ್ಯಾಸ ಮಾಡಿಕೊಂಡಿರುತ್ತಾರೆ. ಹೋಗಿಬರುವವರು ‘ಏನ್ ಸಾರ್, ತೋಟದ ಕೆಲಸವಾ?’ ಎಂದು ಕೇಳಿದರೆ ಏಳುವುದಿಲ್ಲ. ಎದ್ದರೆ ಮತ್ತೆ ಕೂರುವುದು ಕಷ್ಟ.

ಇದೆಲ್ಲ ಶುರುವಾಗುವುದು ಒಂದು ಟ್ರ್ಯಾಕ್ಟರ್ ಕೆಮ್ಮಣ್ಣಿನಿಂದ. ಸೈಟಿನ ತುಂಬ ಯಾರೋ ಸುರಿದ ಇಟ್ಟಿಗೆ ಚೂರು, ಸಿಮೆಂಟ್ ಹೆಂಟೆ. ಅದರ ಮೇಲೆ ಮಣ್ಣು ಹರಡಿ, ಕೊಟ್ಟಿಗೆ ಗೊಬ್ಬರ ಬೆರೆಸಿ, ದಾರ ಹಿಡಿದು ಪಾತಿ ಮಾಡಿ ರಾಯರು ಬೆಂಡೆ, ಬದನೆ, ಈರುಳ್ಳಿ ಹಾಕುತ್ತಾರೆ. ಎರಡನೆಯ ವಾರ ಈರುಳ್ಳಿ ಪಾತಿಯಲ್ಲಿ ಹಸುರು ಸೂಜಿಗಳೇಳುತ್ತವೆ. ಹೆಂಡತಿಯನ್ನು ಕರೆದು ತೋರಿಸುತ್ತಾರೆ, ಫೋಟೋ ತೆಗೆದು ಮಗನಿಗೆ ಕಳಿಸುತ್ತಾರೆ, ದಿನಕ್ಕೆರಡು ಸಲ ನೀರು ಹಾಕುತ್ತಾರೆ. ತಿಂಗಳಾಗುವ ಹೊತ್ತಿಗೆ ಹಾಲಿನವನು ಗೇಟಿನ ಹತ್ತಿರ ನಿಂತು ‘ಇದೇನ್ ಸಾರ್, ಜೇಕಿಗೆ ನೀರು ಹಾಕ್ತಿದೀರಿ?’ ಎನ್ನುತ್ತಾನೆ. ಒಂದು ದಂಟು ಕಿತ್ತು ಬೆರಳ ನಡುವೆ ಉರುಳಿಸಲು ಹೇಳುತ್ತಾನೆ. ಅದು ಉರುಳುವುದಿಲ್ಲ; ಮೂರು ಮೂಲೆ ತಾಕುತ್ತದೆ. ಹುಲ್ಲಿನ ದಂಟು ಗುಂಡಗಿರುತ್ತದೆ, ಜೇಕಿನದು ತ್ರಿಕೋನ. ರಾಯರ ಎರಡನೆಯ ವೃತ್ತಿಜೀವನ ಅಲ್ಲಿಂದ ಆರಂಭ.

ಜೇಕಿಗೆ ಕೊನ್ನಾರಿ, ತುಂಗೆ ಎಂದೂ ಹೆಸರುಗಳುಂಟು. ಗ್ರಂಧಿಗೆ ಅಂಗಡಿಯಲ್ಲಿ ಇದರ ಗಡ್ಡೆಯೇ ಭದ್ರಮುಷ್ಟಿಯಾಗಿ ದುಡ್ಡಿಗೆ ಸಿಗುತ್ತದೆ. ಮಣ್ಣಿನೊಳಗೆ ಗಡ್ಡೆಯಿಂದ ಗಡ್ಡೆಗೆ ದಾರದಂಥ ಕಾಂಡ ಹರಿದು ಸರಪಳಿಯಾಗಿರುತ್ತದೆ. ತುದಿಯ ಗಡ್ಡೆ ಚಿಗುರಿದರೆ ಉಳಿದವು ಸುಮ್ಮನಿರುತ್ತವೆ. ಅದು ಅವನ್ನು ಏಳಗೊಡುವುದಿಲ್ಲ. ರಾಯರು ಹುಲ್ಲು ಹಿಡಿದು ಎಳೆದಾಗ ಕೈಗೆ ಬರುವುದು ಎಲೆ, ಅದೃಷ್ಟವಿದ್ದರೆ ಮೇಲಿನ ಒಂದು ಗಡ್ಡೆ. ಮೇಲಧಿಕಾರಿ ಎದ್ದುಹೋದ ಆಫೀಸಿನಂತೆ, ಸರಪಳಿ ಕಡಿದದ್ದೇ ತಡ, ಕೆಳಗೆ ತೂಕಡಿಸುತ್ತಿದ್ದ ಗಡ್ಡೆಗಳೆಲ್ಲ ಒಟ್ಟಿಗೆ ತಲೆ ಎತ್ತುತ್ತವೆ. ಮೂವತ್ತು ವರ್ಷ ಬ್ರಾಂಚ್ ನಡೆಸಿದವರಿಗೆ ಇದು ಹೊಳೆಯಬೇಕಿತ್ತು. ಹೊಳೆಯುವುದಿಲ್ಲ. ಸೋಮವಾರ ಬೋಳು ಮಾಡಿದ ಪಾತಿ ಶನಿವಾರ ಮೊದಲಿಗಿಂತ ಒತ್ತಾಗಿರುತ್ತದೆ.

1977ರಲ್ಲಿ ಲೀರಾಯ್ ಹೋಮ್ ಮತ್ತು ಸಂಗಡಿಗರು ಜಗತ್ತಿನ ಅತಿ ಕೆಟ್ಟ ಕಳೆಗಳ ಬಗ್ಗೆ ಪುಸ್ತಕ ಬರೆದಾಗ ಮೊದಲ ಸ್ಥಾನ ಕೊಟ್ಟದ್ದು ಈ ಜೇಕಿಗೆ. ಇದು ತಿಳಿದ ದಿನ ರಾಯರ ನಡಿಗೆಯೇ ಬದಲಾಗುತ್ತದೆ. ‘ನಮ್ಮ ಸೈಟಲ್ಲಿರೋದು ವರ್ಲ್ಡ್ ನಂಬರ್ ಒನ್’ ಎಂದು ಪಾರ್ಕಿನ ಬೆಂಚಿನಲ್ಲಿ ಹೇಳುವಾಗ ಮಗಳಿಗೆ ರ‍್ಯಾಂಕ್ ಬಂದ ಧ್ವನಿ.

ಔಷಧೋಪಚಾರದ ಹಂತ ಮುಂದೆ ಬರುತ್ತದೆ. ವಾಟ್ಸಾಪಿನಲ್ಲಿ ಬಂದ ವಿನಿಗರ್, ಉಪ್ಪು, ಪಾತ್ರೆ ಸೋಪಿನ ಕಷಾಯ ಎಲೆಯನ್ನು ಸುಡುತ್ತದೆ. ಗಡ್ಡೆಗೆ ಸುದ್ದಿಯೂ ಮುಟ್ಟುವುದಿಲ್ಲ, ಉಪ್ಪು ಮಾತ್ರ ಮಣ್ಣಿನಲ್ಲುಳಿದು ಬದನೆಗೆ ಕುತ್ತಾಗುತ್ತದೆ. ಜಿಕೆವಿಕೆಯ ಕೃಷಿಮೇಳದಿಂದ ಬಸ್ಸಿನಲ್ಲಿ ಹೊತ್ತು ತಂದ ಕಪ್ಪು ಪ್ಲಾಸ್ಟಿಕ್ ಹಾಳೆಯನ್ನು ಜೇಕಿನ ಮೊನೆ ದಬ್ಬಳದಂತೆ ತೂತು ಮಾಡಿ ಹೊರಬರುತ್ತದೆ. ಕಳೆನಾಶಕ ಕೇಳಲು ಅಂಗಡಿಗೆ ಹೋದರೆ, ಗ್ಲೈಫೋಸೇಟ್ ಬಳಕೆ ಕೀಟ ನಿಯಂತ್ರಣ ನಡೆಸುವವರ ಮೂಲಕವೇ ಆಗಬೇಕೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಹೊರಡಿಸಿದ ಆದೇಶದ ಬಗ್ಗೆ ಅಂಗಡಿಯವನಿಗೆ ರಾಯರೇ ಪಾಠ ಹೇಳಿ ಬರಿಗೈಯಲ್ಲಿ ವಾಪಸಾಗುತ್ತಾರೆ. ಸುತ್ತೋಲೆ ಓದಿದ ಕಣ್ಣು. ಅಗೆದ ಗಡ್ಡೆಗಳನ್ನು ಮಹಡಿಯ ಬಿಸಿಲಿಗೆ ಹರಡಿ ಗಲಗಲ ಒಣಗಿಸಿದರೆ ಅವು ನಿಜವಾಗಿ ಸಾಯುತ್ತವೆ. ಆದರೆ ಅಲ್ಲಿ ಹೆಂಡತಿಯ ಸಂಡಿಗೆ ಇರುತ್ತದೆ. ಹಾಗಾಗಿ ಗಡ್ಡೆಗಳು ಗೊಬ್ಬರದ ಗುಂಡಿಗೆ ಬೀಳುತ್ತವೆ. ಗೊಬ್ಬರದ ಜೊತೆ ಆರು ತಿಂಗಳಿಗೆ ಪಾತಿಗೆ ಮರಳುತ್ತವೆ.

ಗರಿಕೆಯ ಕಥೆ ಬೇರೆ. ಅದು ಮಣ್ಣಿನ ಮೇಲೂ ಹರಿಯುತ್ತದೆ, ಒಳಗೂ ಹರಿಯುತ್ತದೆ, ಗೆಣ್ಣು ಗೆಣ್ಣಿಗೆ ಬೇರು ಬಿಡುತ್ತದೆ. ಗಣಪತಿಗೆ ಏರಿಸುವ ಹುಲ್ಲು, ಅದನ್ನು ನಾಶ ಮಾಡಿದರೆ ಪಾಪ ಬರಬಹುದೆಂಬ ಅನುಮಾನ ರಾಯರಿಗೆ ಇದ್ದೇ ಇದೆ. ಆದರೂ ಕೀಳುತ್ತಾರೆ. ಶ್ರಾವಣವೆಲ್ಲ ಹಟ ಹಿಡಿದು ಒಂದೆಳೆಯೂ ಉಳಿಯದಂತೆ ಕಿತ್ತು, ಚೌತಿಯ ಬೆಳಿಗ್ಗೆ 21 ಎಳೆಯ ಕಟ್ಟನ್ನು ಮಾರುಕಟ್ಟೆಯಲ್ಲಿ ಚೌಕಾಸಿ ಮಾಡಿ ಕೊಳ್ಳುತ್ತಾರೆ. ಕಾಂಗ್ರೆಸ್ ಗಿಡದ ಮೇಲೆ ಮಾತ್ರ ಅವರಿಗೆ ಮುಲಾಜಿಲ್ಲ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡು ದೇಶವೆಲ್ಲ ಹಬ್ಬಿದ ಈ ಗಿಡ, ಒಂದೊಂದೂ ಸಾವಿರಗಟ್ಟಲೆ ಬೀಜ ಉದುರಿಸುತ್ತದೆ, ಮುಟ್ಟಿದವರಿಗೆ ತುರಿಕೆ ತರುತ್ತದೆ. ಅದರ ಎಲೆ ತಿನ್ನುವ ಮೆಕ್ಸಿಕೊದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲೇ ಮೊದಲು ಬಿಟ್ಟದ್ದು. ಮಳೆಗಾಲದಲ್ಲಿ ದುಡಿದು ಒಣಗಾಲದಲ್ಲಿ ಮಣ್ಣಿನೊಳಗೆ ಮಲಗುವ ಈ ಹುಳುವಿನ ರಜೆಯ ಲೆಕ್ಕ ರಾಯರಿಗೆ ಸರಿಕಾಣುವುದಿಲ್ಲ.

ರಾಯರ ಹೊಲದಿಂದ ನಿಜವಾಗಿ ಫಸಲು ತೆಗೆಯುವವರು ಮನೆಗೆಲಸಕ್ಕೆ ಬರುವ ಮಂಡ್ಯ ಕಡೆಯ ಹೆಂಗಸು. ಒಂಬತ್ತು ಗಂಟೆಗೆ, ರಾಯರು ಕಿತ್ತು ರಾಶಿ ಹಾಕಿದ ಕಳೆಯ ಮುಂದೆ ಕೂತು ಅದರೊಳಗಿಂದ ಅಣ್ಣೆ ಸೊಪ್ಪು, ಗಣಿಕೆ ಸೊಪ್ಪು, ಗೋಣಿ ಸೊಪ್ಪು ಆರಿಸಿ ಸೆರಗಿಗೆ ತುಂಬಿಕೊಳ್ಳುತ್ತಾರೆ. ‘ಇದನ್ಯಾಕ್ ಸಾರ್ ಬಿಸಾಕ್ತೀರಿ? ಬೆರಕೆ ಸೊಪ್ಪು, ಉಪ್ಸಾರು ಮಾಡಿದ್ರೆ ಮುದ್ದೆ ಜತೇಲಿ ಹೆಂಗಿರ್ತದೆ ಗೊತ್ತಾ?’ ಮಾರನೆಯ ದಿನ ಡಬ್ಬಿಯಲ್ಲಿ ಸ್ವಲ್ಪ ಉಪ್ಸಾರು ಬರುತ್ತದೆ. ರಾಯರು ಎರಡು ಸಲ ಬಡಿಸಿಕೊಳ್ಳುತ್ತಾರೆ. ಅವರು ಬೆಳೆದ ಬೆಂಡೆ ಆ ಹೊತ್ತಿಗೆ ಬಲಿತು, ಚಾಕುವಿಗೂ ಬಗ್ಗದೆ, ಬೀಜಕ್ಕೆಂದು ಬಿಟ್ಟದ್ದು ಎಂಬ ಬಿರುದು ಪಡೆದಿರುತ್ತದೆ.

ನಾಲ್ಕನೆಯ ವರ್ಷ ರಾಯರು ಮಗನ ಮನೆಗೆಂದು ಆರು ತಿಂಗಳು ಅಮೆರಿಕಕ್ಕೆ ಹೋಗುತ್ತಾರೆ. ಸೈಟು ಬರಿದೇ ಬಿದ್ದಿದೆಯಲ್ಲ ಎಂದು ಆ ಹೆಂಗಸು ನಾಲ್ಕು ಗೆಣಸಿನ ಬಳ್ಳಿ ಊರಿ, ನೆನಪಾದಾಗ ನೀರು ತೋರಿಸಿರುತ್ತಾರೆ. ಜೇಕಿಗೆ ಗುದ್ದಲಿಯ ಭಯವಿಲ್ಲ, ನೆರಳಿನ ಭಯ ಮಾತ್ರ ಉಂಟು, ಬಿಸಿಲಿಲ್ಲದಿದ್ದರೆ ಸೊರಗುತ್ತದೆ. ರಾಯರು ಮರಳಿ ಬಂದು ನೋಡಿದರೆ ಸೈಟಿನುದ್ದಕ್ಕೂ ಗೆಣಸಿನ ಎಲೆ. ಬಳ್ಳಿ ಎತ್ತಿ ಬಗ್ಗಿ ನೋಡುತ್ತಾರೆ: ಅಲ್ಲೊಂದು ಇಲ್ಲೊಂದು, ಬಿಳಿಚಿದ, ದಾರದಂಥ ಜೇಕು. ಬೆಳಗಿನ ಆರಕ್ಕೆ ಏಳುವ ಅಭ್ಯಾಸವೊಂದು ಉಳಿದಿದೆ, ಎದ್ದು ಏನು ಮಾಡಬೇಕೆಂದು ತಿಳಿಯದು. ಆ ವಾರವೆಲ್ಲ ‘ರೀ, ಮೈ ಹುಷಾರಿಲ್ವಾ?’ ಎಂದು ಹೆಂಡತಿ ಕೇಳುತ್ತಲೇ ಇರುತ್ತಾರೆ. ಎಂಟನೆಯ ದಿನ ಗೆಣಸು ಬಲಿಯಿತೋ ನೋಡುವ ನೆಪದಲ್ಲಿ ರಾಯರು ಒಂದು ಮೂಲೆಯ ಬಳ್ಳಿ ಕಿತ್ತು ಅಗೆಯುತ್ತಾರೆ. ಬಿಸಿಲು ಬಿದ್ದ ಆ ಮೂಲೆಯಲ್ಲಿ ಹದಿನೈದು ದಿನಕ್ಕೆ ಜೇಕು ಸೊಂಪಾಗಿ ಬಂದಿರುತ್ತದೆ. ಊಟ ರುಚಿಸತೊಡಗುತ್ತದೆ.

ಹೀಗಿರುವಾಗ ಒಂದು ದಿನ ಮಾಲೀಕನ ಮೆಸೇಜು: ಮನೆ ಕಟ್ಟಿಸುತ್ತೇವೆ ಅಂಕಲ್, ಇಷ್ಟು ದಿನ ನೋಡಿಕೊಂಡಿದ್ದಕ್ಕೆ ಥ್ಯಾಂಕ್ಸ್. ಜೆಸಿಬಿ ಬರುತ್ತದೆ. ಪಾಯಕ್ಕೆ ಮುಂಚೆ ಮೇಲ್ಮಣ್ಣನ್ನು ಕೆರೆದು ಟ್ರ್ಯಾಕ್ಟರಿಗೆ ತುಂಬುತ್ತಾರೆ. ಗಡ್ಡೆಗಳಲ್ಲಿ ಹೆಚ್ಚಿನವು ಇರುವುದು ಆ ಮೇಲಿನ ಗೇಣುದ್ದದ ಮಣ್ಣಿನಲ್ಲೇ. ಕಪ್ಪಗೆ, ಪುಡಿಪುಡಿಯಾಗಿ, ಗೊಬ್ಬರ ತಿಂದ ಮಣ್ಣನ್ನು ಕಂಟ್ರಾಕ್ಟರನು ಸುಮ್ಮನೆ ಎಸೆಯುವುದಿಲ್ಲ. ಅದು ಊರಾಚೆಯ ಹೊಸ ಬಡಾವಣೆಯಲ್ಲಿ, ಮೊನ್ನೆಯಷ್ಟೇ ನಿವೃತ್ತರಾದ ಇನ್ನೊಬ್ಬರ ಗೇಟಿನ ಮುಂದೆ ಇಳಿಯುತ್ತದೆ. ಅವರು ಒಂದು ಹಿಡಿ ಮಣ್ಣೆತ್ತಿ ಮೂಸಿ ನೋಡುತ್ತಾರೆ.

‘ತೋಟದ ಮಣ್ಣು ಸಾರ್’ ಎನ್ನುತ್ತಾನೆ ಟ್ರ್ಯಾಕ್ಟರಿನವನು. ‘ಒಂದು ಕಲ್ಲು ಸಿಕ್ಕಿದ್ರೆ ಕೇಳಿ.’

ಕಲ್ಲು ಸಿಗುವುದಿಲ್ಲ. ನಾಲ್ಕು ವರ್ಷ ಕೂತು ರಾಯರು ಎಲ್ಲ ಆರಿಸಿ ಎಸೆದಿದ್ದಾರೆ.