ಬೀರು ತೆರೆದ ಪ್ರಸಂಗ

ಸರ್ಕಾರಿ ಶಾಲೆಯ ಕಬ್ಬಿಣದ ಬೀರುವಿನಷ್ಟು ಭದ್ರವಾದ ಜಾಗ ಪುಸ್ತಕಗಳಿಗೆ ಈ ಭೂಮಿಯ ಮೇಲೆ ಇನ್ನೊಂದಿಲ್ಲ. ಅಲ್ಲಿ ಅವು ಮಕ್ಕಳ ಕೈಗೆ ಸಿಗುವುದಿಲ್ಲ, ಮಾಷ್ಟ್ರ ಕಣ್ಣಿಗೆ ಬೀಳುವುದಿಲ್ಲ, ಬಿಸಿಲು ಗಾಳಿ ತಾಗುವುದಿಲ್ಲ. ಒಳಗೆ ನುಗ್ಗುವ ಧೈರ್ಯ ಇರುವುದು ಬೂಷ್ಟೊಂದಕ್ಕೇ.

ಕೆರೆಕಟ್ಟೆಯ ಬೂಷ್ಟೆಂದರೆ ಹುಡುಗಾಟಿಕೆಯಲ್ಲ. ಶೃಂಗೇರಿಯಿಂದ ಕಾರ್ಕಳದ ಕಡೆ ಹೊರಟು, ನೆಮ್ಮಾರು ದಾಟಿ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಕಾಡು ರಸ್ತೆಯನ್ನು ಎರಡೂ ಕಡೆಯಿಂದ ಒತ್ತುವಲ್ಲಿ ಸಿಗುವ ಊರು ಇದು. ಆಷಾಢ ಬಂತೆಂದರೆ ಚಪ್ಪಲಿ, ಬೆಲ್ಟು, ಹಪ್ಪಳದ ಡಬ್ಬಿ, ದೇವರ ಪಟ ಎಂಬ ಭೇದವಿಲ್ಲದೆ ಎಲ್ಲಕ್ಕೂ ಬಿಳಿ ತುಪ್ಪಳ ಮೂಡುತ್ತದೆ. ಪತ್ರಿಕೆಗಳ ಜಿಲ್ಲಾ ಪುಟದ ಮಳೆ ಲೆಕ್ಕದಲ್ಲಿ ಕೆರೆಕಟ್ಟೆ, ಕಿಗ್ಗಾಗಳ ಹೆಸರು ಮೇಲುಗಡೆಯೇ ಇರುತ್ತದೆ. ನಾವು ರ‍್ಯಾಂಕು ತೆಗೆಯುವ ವಿಷಯ ಅದೊಂದೇ. ಕಿಗ್ಗಾದಲ್ಲಾದರೆ ಋಷ್ಯಶೃಂಗ ಸ್ವಾಮಿಯಿದ್ದಾನೆ. ಬರ ಬಿದ್ದ ವರ್ಷ ಮಳೆ ಬೇಡಲು ಮಂತ್ರಿಗಳೂ ಅಲ್ಲಿಗೆ ಬರುತ್ತಾರೆ. ಅವರು ಬೇಡಿಕೊಂಡದ್ದರ ಮುಕ್ಕಾಲು ಪಾಲು ಘಟ್ಟ ಇಳಿಯುವ ಮೊದಲೇ ನಮ್ಮ ಶಾಲೆಯ ಶೀಟಿನ ಮೇಲೆ ಖರ್ಚಾಗುತ್ತದೆಂಬುದು ನನ್ನ ಗುಮಾನಿ.

ಇಂಥ ಕಡೆಯ ಶಾಲೆಯೊಂದರಲ್ಲಿ ಚಿಕ್ಕ ಮಕ್ಕಳಿಗೆ ಗ್ರಂಥಾಲಯದ ಪರಿಚಯ ಮಾಡಿಸುವ ಕೆಲಸ ನನಗೆ ಗಂಟುಬಿತ್ತು. ಪ್ರಾಥಮಿಕ ಶಾಲೆಯಲ್ಲಿ ಗ್ರಂಥಪಾಲಕರೆಂಬ ಹುದ್ದೆ ಇರುವುದಿಲ್ಲ. ಬಿಸಿಯೂಟದ ಬೇಳೆ ಲೆಕ್ಕ ಬರೆಯುವವರೇ ಪುಸ್ತಕದ ಲೆಕ್ಕವನ್ನೂ ಬರೆಯಬೇಕು. “ನೀವು ಹ್ಯಾಗೂ ಓದ್ತೀರಲ್ಲ ಮಾರಾಯ್ರೇ, ತೋಟದ ಕೆಲಸವೂ ಅಷ್ಟಕ್ಕಷ್ಟೆ” ಎಂದರು ಹೆಡ್‌ಮಾಷ್ಟ್ರು. ಎರಡು ಮಾತೂ ನಿಜವಾದ್ದರಿಂದ ಒಪ್ಪಿಕೊಂಡೆ. “ಆದ್ರೆ ಒಂದು, ಇಂಟರ‍್ಯಾಕ್ಟಿವ್ ಆಗಿರ್ಬೇಕು” ಎಂದು ಸೇರಿಸಿದರು. ಅವರ ಮೊಬೈಲಿಗೆ ಪೇಟೆಯ ಯಾವುದೋ ಶಾಲೆಯ ಮಾದರಿಯೊಂದು ಬಂದಿತ್ತು. ಪ್ರತಿ ಕಪಾಟಿಗೂ ಒಂದು ಕ್ಯೂಆರ್ ಕೋಡು. ಮಕ್ಕಳು ಟ್ಯಾಬ್ ಹಿಡಿದು ಸ್ಕ್ಯಾನ್ ಮಾಡುತ್ತಾ ಮುಂದಿನ ಸುಳಿವನ್ನು ಹುಡುಕಿಕೊಂಡು ಹೋಗುವುದು. ನಮ್ಮಲ್ಲಿ ಆ ಆಟ ಆಡಿಸಬೇಕೆಂದರೆ ಒಂದೊಂದು ಸುಳಿವಿಗೂ ಮಕ್ಕಳು ಇಂಬಳ ಕಚ್ಚಿಸಿಕೊಂಡು ಗುಡ್ಡ ಹತ್ತಿ, ನೆಟ್‌ವರ್ಕ್ ಹಿಡಿದು ಇಳಿಯಬೇಕು. ವ್ಯಾಯಾಮವೇನೋ ಆಗುತ್ತಿತ್ತು.

ನಾವು ಚಿಕ್ಕವರಿದ್ದಾಗ ಲೈಬ್ರರಿ ಪರಿಚಯವೆಂದರೆ ‘ಬಾರದು’ಗಳ ಪಟ್ಟಿ. ಮಾತಾಡಬಾರದು, ಓಡಬಾರದು, ಹಾಳೆ ಮಡಚಬಾರದು, ಗೀಚಬಾರದು, ತಿಂದ ಕೈಯಲ್ಲಿ ಮುಟ್ಟಬಾರದು. ಮಡಿಯುಟ್ಟ ಅಜ್ಜಿಯ ಅಡುಗೆಮನೆಯ ಬಾಗಿಲಲ್ಲಿ ನಿಂತಂತೆ ಪುಸ್ತಕಗಳನ್ನು ದೂರದಿಂದ ನೋಡಿ ವಾಪಸು ಬರುತ್ತಿದ್ದೆವು. ಈ ಶಾಲೆಯ ಗೋಡೆಯಲ್ಲೂ ‘ನಿಶ್ಶಬ್ದವಾಗಿರಿ’ ಎಂಬ ಬೋರ್ಡಿದೆ. ಶೀಟಿನ ಮಾಡಿನ ಮೇಲೆ ಮಳೆ ಬಡಿಯುವಾಗ ಪಕ್ಕದಲ್ಲಿ ಕೂತವನು ಕಿರುಚಿದರೂ ಕೇಳುವುದಿಲ್ಲ. ಬೋರ್ಡನ್ನು ಮಾಡಿನ ಮೇಲೆ ಮಳೆಗೆ ಕಾಣುವ ಹಾಗೆ ಹಾಕುವುದು ಹೆಚ್ಚು ನ್ಯಾಯ.

ನಾನು ಚೀಟಿಗಳ ಮೊರೆ ಹೋದೆ. ಒಂದೊಂದರಲ್ಲೂ ಒಂದೊಂದು ಒಗಟು. ಉತ್ತರ ಸಿಕ್ಕ ಜಾಗದಲ್ಲಿ ಮುಂದಿನ ಚೀಟಿ. ಮೊದಲನೆಯದು, ‘ಬೆನ್ನಿನ ಮೇಲೆ ಹೆಸರು ಬರೆದುಕೊಂಡು ಸಾಲಾಗಿ ನಿಂತವರು ಯಾರು?’ ಪುಸ್ತಕಗಳು ಎಂಬ ಉತ್ತರಕ್ಕೆ ಕಾದೆ. ಇಡೀ ಕ್ಲಾಸು ಒಂದೇ ಉಸಿರಿಗೆ “ಆರ್‌ಸಿಬಿ!” ಎಂದಿತು. ತಪ್ಪೆನ್ನಲು ನನ್ನಲ್ಲಿ ಯಾವ ಆಧಾರವೂ ಇರಲಿಲ್ಲ.

ಪುಸ್ತಕವನ್ನು ಸಾಲಿನಿಂದ ತೆಗೆಯುವುದು ಹೇಗೆಂಬ ಪಾಠ ನಡುವೆ ಬಂತು. ನೆತ್ತಿಗೆ ಬೆರಳು ಸಿಕ್ಕಿಸಿ ಎಳೆದರೆ ಬೆನ್ನು ಕಿತ್ತು ಬರುತ್ತದೆ. ಅಕ್ಕಪಕ್ಕದ ಎರಡನ್ನು ಒಂದಿಷ್ಟು ಒಳಕ್ಕೆ ತಳ್ಳಿ, ಬೇಕಾದ್ದರ ನಡು ಹಿಡಿದು ತೆಗೆಯಬೇಕು. ತೆಗೆದ ಜಾಗದಲ್ಲಿ ಗುರುತಿಗೊಂದು ಪಟ್ಟಿ ಇಡಬೇಕು. ಪಟ್ಟಿಗಳನ್ನು ಮಕ್ಕಳೇ ಅಡಿಕೆ ಹಾಳೆಯಲ್ಲಿ ಕತ್ತರಿಸಿ, ಹೆಸರು ಬರೆದು, ಹೂವು, ಬಸ್ಸು, ಹುಲಿಗಳನ್ನು ಬಿಡಿಸಿಕೊಂಡು ತಂದರು. ಎಂಜಲು ಹಚ್ಚಿ ಪುಟ ತಿರುಗಿಸಬಾರದು ಎಂದು ನಾನು ಹೇಳುವಷ್ಟರಲ್ಲಿ ಎರಡನೇ ಕ್ಲಾಸಿನವನೊಬ್ಬ ಎದ್ದುನಿಂತ. “ಮತ್ತೆ ಹೆಡ್‌ಮಾಷ್ಟ್ರು ಹಾಜರಿ ಪುಸ್ತಕ ಹಾಗೇ ತಿರುಗ್ಸೋದಲ್ವಾ ಸಾರ್?” ಹೆಡ್‌ಮಾಷ್ಟ್ರಿಗೆ ಆಗ ಆಫೀಸಿನಲ್ಲೇನೋ ತುರ್ತು ಕೆಲಸ ನೆನಪಾಯಿತು.

ನಿಜವಾದ ಗಮ್ಮತ್ತು ಶುರುವಾದದ್ದು ಪುಸ್ತಕಗಳನ್ನು ವಿಂಗಡಿಸುವಲ್ಲಿ. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಲೋಕದ ಅರಿವನ್ನೆಲ್ಲ ಹತ್ತು ಭಾಗ ಮಾಡಿ ಒಂದೊಂದಕ್ಕೂ ನಂಬರು ಕೊಟ್ಟ ಪುಣ್ಯಾತ್ಮ. ಅವನ ಲೆಕ್ಕದಲ್ಲಿ ಅಡುಗೆ 641.5, ಹಾವು 597.96, ಕನ್ನಡ ಸಾಹಿತ್ಯಕ್ಕೆ 894.814. ಪಕ್ಕದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಕೂಡ ಆ ಆರಂಕಿಯ ಕೋಣೆಯಲ್ಲೇ ಮಲಗಬೇಕು. ಮೂರನೇ ಕ್ಲಾಸಿನ ಮಕ್ಕಳಿಗೆ ದಶಾಂಶ ಬಿಂದು ಇನ್ನೂ ದೂರ. ಹಾಗಾಗಿ, “ನಿಮಗೆ ಸರಿ ಕಂಡಂತೆ ಜೋಡಿಸಿ” ಎಂದು ಬೀರುವನ್ನು ಪೂರ್ತಿ ತೆರೆದುಬಿಟ್ಟೆ.

ತಗೊಳ್ಳಿ, ವಿಭಾಗಗಳು ಹುಟ್ಟತೊಡಗಿದವು. ‘ಹೆದರಿಕೆ ಬರುವುದು’, ‘ಚಿತ್ರ ಜಾಸ್ತಿ ಇರುವುದು’, ‘ಅಜ್ಜಿಗೆ ಓದಿ ಹೇಳುವುದು’, ‘ಮಾಷ್ಟ್ರಿಗೆ ಮಾತ್ರ’. ಕೊನೆಯದರಲ್ಲಿ ತರಬೇತಿ ಕೈಪಿಡಿಗಳಿದ್ದವು. ಅವುಗಳ ಹಾಳೆ ಇನ್ನೂ ಬಿಡಿಸಿರಲಿಲ್ಲ. 1936ರಲ್ಲಿ ಶಿವರಾಮ ಕಾರಂತರು ಮಕ್ಕಳಿಗೆಂದೇ ಮೂರು ಸಂಪುಟಗಳಲ್ಲಿ ತಂದ ವಿಶ್ವಕೋಶ ‘ಬಾಲ ಪ್ರಪಂಚ’. ಯಾರೋ ದಾನ ಕೊಟ್ಟ ಅದರ ಒಂದು ಸಂಪುಟ ‘ಇಬ್ಬರು ಹೊರಬೇಕಾದ್ದು’ ಎಂಬ ವಿಭಾಗದ ಏಕೈಕ ಸದಸ್ಯನಾಯಿತು. ಕಾಳಿಂಗ ಸರ್ಪ, ಆನೆ, ಕಾಡುಕೋಣಗಳ ಪುಸ್ತಕಗಳನ್ನು ಪ್ರಾಣಿಗಳ ಸಾಲಿಗೆ ಸೇರಿಸಲು ಯಾರೂ ಒಪ್ಪಲಿಲ್ಲ. ಅವು ‘ನಮ್ಮೂರಿನವರು’ ಎಂಬ ಚೀಟಿಯ ಕೆಳಗೆ ಹೋದವು. ಜಿರಾಫೆ, ಕಾಂಗರೂಗಳಷ್ಟೇ ಪ್ರಾಣಿಗಳು.

ಕಿಂದರಿಜೋಗಿಯನ್ನು ಒಬ್ಬಳು ಹುಡುಗಿ ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡು ಯೋಚಿಸಿದಳು. ಕಡೆಗೆ ಅದನ್ನು ಒಯ್ದು ಕೃಷಿ ಇಲಾಖೆಯ ಇಲಿ ನಿಯಂತ್ರಣದ ಕಿರುಹೊತ್ತಗೆಯ ಪಕ್ಕ ಇಟ್ಟಳು. ಇದು ಇಲ್ಲಿ ಯಾಕೆ ಎಂದು ಕೇಳಿದೆ. “ಎರಡ್ರಲ್ಲೂ ಇಲಿ ಓಡ್ಸೋದೇ ಅಲ್ವಾ ಸಾರ್? ಇದ್ರಲ್ಲಿ ಸುಲಭ” ಎಂದಳು. ಸುಲಭ ಎಂದು ತೋರಿಸಿದ್ದು ಕುವೆಂಪು ಅವರದನ್ನು. ಡ್ಯೂಯಿ ಮಹಾಶಯ ಈ ಹುಡುಗಿಯ ಜೊತೆ ಅರ್ಧ ಗಂಟೆ ಕೂತಿದ್ದರೆ ಎಷ್ಟೋ ನಂಬರು ಉಳಿಸಬಹುದಿತ್ತು.

ಗ್ರಂಥಾಲಯದ ಮಾತು ಬಂದಾಗ ಎಸ್.ಆರ್. ರಂಗನಾಥನ್ ಅವರನ್ನು ಬಿಡುವಂತಿಲ್ಲ. ಗಣಿತದ ಮೇಷ್ಟ್ರಾಗಿದ್ದು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದವರು, 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ಶಾಸ್ತ್ರಕ್ಕೊಂದು ಸಂಶೋಧನಾ ಕೇಂದ್ರ ಕಟ್ಟಿದವರು. ಅವರು ಹುಟ್ಟಿದ ಆಗಸ್ಟ್ 12ನ್ನು ದೇಶದಲ್ಲಿ ಗ್ರಂಥಪಾಲಕರ ದಿನವೆಂದು ಆಚರಿಸುತ್ತಾರೆ. ನಮ್ಮಲ್ಲಿ ಆ ದಿನ ಮಳೆ ರಜೆ ಇಲ್ಲದಿದ್ದರೆ ಪುಣ್ಯ. ಪುಸ್ತಕ ಇರುವುದೇ ಬಳಸುವುದಕ್ಕೆ ಎಂಬುದು 1931ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದು. ಹಿಂದೆ ಯುರೋಪಿನಲ್ಲಿ ಪುಸ್ತಕಗಳನ್ನು ಸರಪಳಿಯಿಂದ ಕಪಾಟಿಗೆ ಬಿಗಿಯುತ್ತಿದ್ದರಂತೆ. ನಾವು ನಾಗರಿಕರು, ಬೀಗ ಹಾಕುತ್ತೇವೆ. ಗ್ರಂಥಾಲಯವೂ ಜೀವಿಯಂತೆ ಬೆಳೆಯುತ್ತದೆ ಎಂಬುದು ಕೊನೆಯ ಸೂತ್ರ. ಅದನ್ನು ಅಕ್ಷರಶಃ ಪಾಲಿಸುತ್ತಿರುವುದು ಕೆರೆಕಟ್ಟೆಯ ಬೀರುವೇ ಇರಬೇಕು. ಆಷಾಢದಲ್ಲಿ ಬಾಗಿಲು ತೆರೆದರೆ ಬೆಳೆದದ್ದು ಕಣ್ಣಿಗೇ ಕಾಣುತ್ತದೆ.

ಬೀಗದ ಹಿಂದೆ ಇರುವುದು ದುಷ್ಟತನವಲ್ಲ, ಸ್ಟಾಕ್ ರಿಜಿಸ್ಟರು. ಪುಸ್ತಕ ಕಳೆದರೆ ಯಾರು ಉತ್ತರ ಕೊಡುವುದು, ಹರಿದರೆ ಯಾರ ತಲೆಗೆ? ನೀರಿಳಿಯುವ ಕೊಡೆ ಹಿಡಿದು ಹಳ್ಳ ದಾಟಿ ಬರುವ ಮಕ್ಕಳ ಕೈಗೆ ಪುಸ್ತಕ ಕೊಟ್ಟು ಕಳಿಸಲು ಮಾಷ್ಟ್ರಿಗೆ ಹೆದರಿಕೆಯಾದರೆ ಅದು ಸಹಜ. ಕೊಟ್ಟೆವು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ. ಇಷ್ಯೂ ರಿಜಿಸ್ಟರನ್ನು ನಾಲ್ಕನೇ ಕ್ಲಾಸಿನವರೇ ಬರೆದರು. ವಾಪಸು ತರದವನ ಮನೆ ಬಾಗಿಲಿಗೆ ಹೋಗಿ ನಿಲ್ಲುವ ವಸೂಲಿ ಪಡೆಯೂ ತಾನಾಗಿ ತಯಾರಾಯಿತು.

ಪುಸ್ತಕಗಳು ಮನೆಮನೆ ತಿರುಗಿ ಬಂದವು. ಒಂದರಲ್ಲಿ ಬೆಲ್ಲದ ಬೆರಳಿನ ಗುರುತು, ಇನ್ನೊಂದರಲ್ಲಿ ನವಿಲುಗರಿ, ಹುಲಿಯ ಚಿತ್ರಕ್ಕೆ ಯಾರೋ ಮೀಸೆ ತಿದ್ದಿದ್ದರು. ಆದರೆ ಒಂದಕ್ಕೂ ಬೂಷ್ಟಿಲ್ಲ! ವಿಚಾರಿಸಿದರೆ, ಮನೆಗಳಲ್ಲಿ ಬಚ್ಚಲೊಲೆಯ ಮೇಲಿನ ಗಳುವಿನಲ್ಲಿ ಒದ್ದೆ ಯೂನಿಫಾರಂ ಒಣಗಿಸುವಾಗ ಅದರ ಪಕ್ಕದಲ್ಲೇ ಪುಸ್ತಕವನ್ನೂ ಕವುಚಿ ಹಾಕುತ್ತಿದ್ದರಂತೆ. ಎಲ್ಲಕ್ಕೂ ಘಮ್ಮೆಂದು ಹೊಗೆ ವಾಸನೆ. ಬೀರುವಿನಲ್ಲೇ ಉಳಿದ ತರಬೇತಿ ಕೈಪಿಡಿಗಳ ಮೇಲೆ ಮಾತ್ರ ಎಂದಿನಂತೆ ತುಪ್ಪಳ.

ದೇಶದ ಮೂಲೆಮೂಲೆಯಿಂದ ಜನ ಮಕ್ಕಳನ್ನು ಎತ್ತಿಕೊಂಡು ಶೃಂಗೇರಿಗೆ ಬಂದು ಶಾರದೆಯ ಸನ್ನಿಧಿಯಲ್ಲಿ ಅಕ್ಷರಾಭ್ಯಾಸ ಮಾಡಿಸುತ್ತಾರೆ. ಅದೇ ತಾಲ್ಲೂಕಿನ ಮಕ್ಕಳಿಗೆ ಅಕ್ಷರ ಬಂದ ಮೇಲೆ ಓದಲು ಒಂದು ಕತೆಪುಸ್ತಕ ಸಿಗಬೇಕಾದರೆ ಕೀಲಿ ಯಾರ ಬಳಿ ಇದೆಯೆಂದು ಹುಡುಕುವಂತಾಗಬಾರದು. ಮಾಷ್ಟ್ರೇ, ಟೀಚರೇ, ಜೂನ್ ಮೊದಲ ವಾರವೇ ಬೀರು ತೆರೆದುಬಿಡಿ; ಮಿಕ್ಕ ಪರಿಚಯವನ್ನು ಮಕ್ಕಳೇ ಮಾಡಿಕೊಳ್ಳುತ್ತಾರೆ. ಓದುಗರೇ, ನಿಮ್ಮ ಅಟ್ಟದಲ್ಲಿ ಹಳೆಯ ‘ಚಂದಮಾಮ’ವೋ ಮಕ್ಕಳ ಕತೆಗಳೋ ಸುಮ್ಮನೆ ಬಿದ್ದಿದ್ದರೆ ಹತ್ತಿರದ ಶಾಲೆಗೆ ಕೊಟ್ಟುಬನ್ನಿ. ತರಬೇತಿ ಕೈಪಿಡಿ ಬೇಡ, ಅದು ನಮ್ಮಲ್ಲಿ ಸಾಕಷ್ಟಿದೆ.