ನಾಲ್ಕು ಎಕರೆಯ ಬೆಣ್ಣೆ

ನೌಕರಿಯವರಿಗೆ ಅರವತ್ತಕ್ಕೆ ಹಾರ, ಶಾಲು, ಪಿಂಚಣಿ. ನಮ್ಮ ನವಲಗುಂದ, ಅಣ್ಣಿಗೇರಿ ಕಡೆಯ ರೈತನಿಗೆ ನಿವೃತ್ತಿ ಅಂದರೆ ವಾಟ್ನಿ. ಎರಿ ಹೊಲ ಮಕ್ಕಳ ಹೆಸರಿಗೆ ಆದ ದಿನ ಅವನು ರಿಟೈರ್ಡು. ಮರುದಿನದಿಂದ ಚಹಾ ತಡ.

ಸರಕಾರವೇನೂ ಸುಮ್ಮನೆ ಕೂತಿಲ್ಲ. 2015ರಿಂದ ಅಟಲ್ ಪಿಂಚಣಿ ಇದೆ. 18ನೇ ವಯಸ್ಸಿಗೆ ಸೇರಿ ತಿಂಗಳಿಗೆ 210 ರೂಪಾಯಿ ಕಟ್ಟಿದರೆ ಅರವತ್ತರ ಮೇಲೆ ತಿಂಗಳಿಗೆ 5000. ಅದೇ 5000ಕ್ಕೆ 40ರಲ್ಲಿ ಸೇರುವವನ ಕಂತು 1454. ನಲವತ್ತು ದಾಟಿತೋ, ಬಾಗಿಲು ಬಂದ್. ಆದರೆ ಹದಿನೆಂಟರ ಹುಡುಗ ಬೇಡಿದ್ದು ಕೊಡುವ ನವಲಗುಂದದ ರಾಮಲಿಂಗ ಕಾಮಣ್ಣನ ಮುಂದೆ ನಿಂತು ಮುಪ್ಪಿನ ಪಿಂಚಣಿ ಬೇಡುತ್ತಾನೆಯೇ? ಮೊದಲು ಒಂದು ಕನ್ಯಾ ಸಿಗಲಿ ಅಂತಾನೆ. ಸಿಕ್ಕ ಮೇಲೆ ಟ್ರ್ಯಾಕ್ಟರ್ ಕಂತು, ಮಕ್ಕಳ ಫೀ, ಮಗಳ ಮದುವೆ. ಮುಪ್ಪು ನೆನಪಾಗುವುದು ಮೊಣಕಾಲು ಹಿಡಿದಾಗ. ಆಗ ಉಳಿಯುವುದು 65 ದಾಟಿದ ಬಡವರಿಗೆ ಕೊಡುವ ಸಂಧ್ಯಾ ಸುರಕ್ಷಾದ 1200. ಬಿಪಿ, ಶುಗರ್ ಗುಳಿಗೆಗೆ ಸಾಲಬಹುದು.

ನಮ್ಮ ಓಣಿಯ ಅಜ್ಜ ಮಾತ್ರ ಪಕ್ಕಾ. ಹದಿನಾರು ಎಕರೆಯಲ್ಲಿ ಹನ್ನೆರಡು ಮಕ್ಕಳಿಗೆ ಹಂಚಿ, ನಾಲ್ಕನ್ನು ತನ್ನ ಉತಾರದಲ್ಲೇ ಇಟ್ಟುಕೊಂಡ. ಕಡಲಿ ಅಣ್ಣಿಗೇರಿ ಪ್ಯಾಟಿಗೆ ಹೋದರೆ ರೊಕ್ಕ ಅವನ ಕೈಗೆ. ವರ್ಷಕ್ಕೆ ಮೂರು ಸಲ ಪಿಎಂ ಕಿಸಾನ್‌ನ 2000ವೂ ಅವನ ಖಾತೆಗೇ. ಹೀಗಾಗಿ ದೊಡ್ಡ ಸೊಸೆ ಬಿಸಿ ರೊಟ್ಟಿಗೆ ಬೆಣ್ಣೆ ಹಚ್ಚಿದರೆ, ಸಣ್ಣಾಕೆ ಕೆನಿಮೊಸರಿನ ಬಟ್ಟಲು ಮುಂದೆ ಸರಿಸುತ್ತಾಳೆ: "ಮಾವಾರ, ಇನ್ನೊಂದು ನೀಡ್ಲೇನ್ರಿ?" ಹನ್ನೆರಡು ಎಕರೆ ಕೊಟ್ಟಿದ್ದಕ್ಕಲ್ಲ, ನಾಲ್ಕು ಕೊಡದೇ ಇದ್ದಿದ್ದಕ್ಕೆ ಈ ಬೆಣ್ಣೆ.

ಪ್ರೀತಿ ಉಕ್ಕಿ ಎಲ್ಲವನ್ನೂ ಬರೆದುಕೊಡುವವರಿಗೆ 2007ರ ಹಿರಿಯ ನಾಗರಿಕರ ಕಾಯ್ದೆ ಇದೆ. 'ನನ್ನನ್ನು ನೋಡಿಕೊಳ್ಳಬೇಕು' ಎಂಬ ಷರತ್ತು ಬಕ್ಷೀಸ್ ಪತ್ರದಲ್ಲಿ ಇದ್ದು, ಮಕ್ಕಳು ಕೈಬಿಟ್ಟರೆ, ಎಸಿ ಸಾಹೇಬರ ಮುಂದೆ ಅರ್ಜಿ ಹಾಕಿ ಪತ್ರ ರದ್ದು ಮಾಡಿಸಬಹುದು. ಆ ಒಂದು ಸಾಲು ಬರೆಸಲು ನಮ್ಮವರಿಗೆ ನಾಚಿಕೆ. "ಹೊಟ್ಟಿ ಮಕ್ಕಳಿಗೆ ಕಂಡೀಶನ್ ಹಾಕೋದಂದ್ರ ಹೆಂಗ್ರಿ?" ಬೆಳೆಸಾಲಕ್ಕೆ ಬ್ಯಾಂಕಿನವರು ತೋರಿಸಿದಲ್ಲೆಲ್ಲ ಹೆಬ್ಬೆಟ್ಟು ಒತ್ತಿ ಬಂದವರ ಮಾತಿದು!

ಅಜ್ಜಿಯ ಲೆಕ್ಕ ಬೇರೆಯೇ. ಗೃಹಲಕ್ಷ್ಮಿಯ 2000 ಬಂದದ್ದೇ ಓಣಿಯ ಭಿಶಿಗೆ. ಭಿಶಿ ಎತ್ತಿದ ರೊಕ್ಕ ಎಲ್ಲಿದೆ ಅಂತ ಕೇಳುವ ಧೈರ್ಯ ಅಜ್ಜನಿಗೂ ಇಲ್ಲ.

ಮೊನ್ನೆ ಹಿರೀಮಗ ಮೆಲ್ಲಗೆ ತೆಗೆದ: "ಅಪ್ಪಾ, ಆ ನಾಲ್ಕ್ ಎಕರೆದ್ದೂ ಒಮ್ಮೆ ಮುಗಿಸಿಬಿಡೂಣಲ್ಲ?"

"ಮುಗಿಸೂಣಂತ. ಹಿಂಗಾರಿ ಪೀಕು ಬರ್ಲಿ."

ಯಾವ ವರ್ಷದ ಹಿಂಗಾರಿ ಅಂತ ಅಜ್ಜ ಹೇಳಲಿಲ್ಲ.